ಎಲ್ಲ ಶಾಲೆಗಳಲ್ಲೂ ಸನ್ನೆ ಭಾಷೆ ಕಲಿಸಬೇಕೇ?

ಪರ (ಬಳ್ಳಾರಿಯಿಂದ)

ಕಲಿಸಲೇಬೇಕು. ನನಗಂತೂ ಇದರಲ್ಲಿ ಎರಡು ಮಾತಿಲ್ಲ.

ನನ್ನ ತಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಮನೆಯಲ್ಲಿ ನಮ್ಮದೇ ಒಂದಿಷ್ಟು ಕೈಸನ್ನೆ ಇತ್ತು. ಊಟ, ನೀರು, ಬಾ, ಅಪ್ಪ ಬೈತಾನೆ. ಅಷ್ಟೇ. ಅವನಿಗೆ 9, ನನಗೆ 12 ವರ್ಷ ಇದ್ದಾಗ ಹೊಟ್ಟೆನೋವು ಬಂತು. ಎಲ್ಲಿ ನೋವು ಅಂತ ಡಾಕ್ಟರು ಕೇಳಿದರು, ಬೆರಳಿಟ್ಟು ತೋರಿಸಿದ. ಎಷ್ಟು ದಿನದಿಂದ ಅಂದರು. ನಮ್ಮ ಸನ್ನೆಯಲ್ಲಿ ನಿನ್ನೆ, ಮೊನ್ನೆ ಇರಲೇ ಇಲ್ಲ. ಎಲ್ಲರೂ ನನ್ನ ಮುಖ ನೋಡಿದರು. "ಇವತ್ತು ಮುಂಜಾನೆಯಿಂದ" ಅಂದುಬಿಟ್ಟೆ. ಗ್ಯಾಸು ಅಂತ ಗುಳಿಗೆ ಕೊಟ್ಟು ಕಳಿಸಿದರು. ಮರುದಿನ ರಾತ್ರಿ ಅಪೆಂಡಿಕ್ಸ್ ಒಡೆದು ಆಪರೇಷನ್ ಆಯ್ತು.

ಆಮೇಲೆ ಅವನನ್ನು ಕಿವುಡ ಮಕ್ಕಳ ಶಾಲೆಗೆ ಹಾಕಿದೆವು. ಅಲ್ಲಿ ಮೇಷ್ಟ್ರು ತುಟಿ ನೋಡು, ಮಾತಾಡು ಅಂತಿದ್ದರಂತೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಮೇಷ್ಟ್ರುಗಳೇ ಸಭೆ ಸೇರಿ, ಸನ್ನೆ ಬೇಡ, ಮಾತೇ ಬೇಕು ಎಂದು ಠರಾವು ಮಾಡಿದ್ದರಲ್ಲ, ಆ ಗಾಳಿ ಇಲ್ಲಿಯವರೆಗೂ ಬೀಸಿತ್ತು. ಅವನು ಸನ್ನೆ ಕಲಿತದ್ದು ಹಾಸ್ಟೆಲ್‌ನಲ್ಲಿ, ದೊಡ್ಡ ಹುಡುಗರಿಂದ. ದೀಪಾವಳಿಗೆ ಬಂದಾಗ ನನಗೂ ಕಲಿಸಿದ. ಮೀಸೆ ತಿರುವಿದರೆ ಗಂಡಸು. ಮೂಗುಬೊಟ್ಟಿನ ಜಾಗ ಮುಟ್ಟಿದರೆ ಹೆಂಗಸು. ಏನು, ಯಾಕೆ ಅನ್ನೋದು ವಾಕ್ಯದ ಕೊನೆಗೆ, ನಮ್ಮ "ನಿನ್ನ ಹೆಸರೇನು" ಇದ್ದ ಹಾಗೆ. ಹುಬ್ಬು, ಮುಖ ಎಲ್ಲವೂ ವ್ಯಾಕರಣವೇ. ಒಂದಿನ ಸುಮ್ನೆ ಮಾತಾಡ್ತಾ ಹಳೇ ಹೊಟ್ಟೆನೋವಿನ ವಿಷಯ ಬಂತು. ನಾಲ್ಕು ಬೆರಳು ಎತ್ತಿದ. ನಾಲ್ಕು ದಿನ!

ಈಗ ಜೀನ್ಸ್ ಹೊಲಿಯೋ ಯೂನಿಟ್‌ನಲ್ಲಿದ್ದಾನೆ. ಮಷಿನ್ ಸದ್ದಿಗೆ ಅಲ್ಲಿ ಎಲ್ಲರೂ ಕಿವುಡರೇ. ಪಕ್ಕದವರು ಇವನಿಂದ ಸನ್ನೆ ಕಲಿತು ಆರಾಮಾಗಿ ಹರಟುತ್ತಾರೆ. ಅವರಿಗೆ ಯಾವ ಸಿಲೆಬಸ್ಸೂ ಬೇಕಾಗಲಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸನ್ನೆಯನ್ನೂ ಸಂವಹನ ಎಂದೇ ಹೇಳುತ್ತದೆ. 2023ರಲ್ಲಿ ಕಿವಿ ಕೇಳಿಸದ ಬೆಂಗಳೂರಿನ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟಿನಲ್ಲಿ ಸನ್ನೆ ದುಭಾಷಿಯ ಜೊತೆ ಹಾಜರಾದರು. ಕೋರ್ಟಿಗೆ ಆಗೋದು ಶಾಲೆಗೆ ಆಗಲ್ವಾ? ವಿರೋಧ ಮಾಡೋರು ಕಿವಿಗೆ ಮಷಿನ್ ಹಾಕಿಸಿ ಅಂತಾರೆ. ಅದೇನು ಕನ್ನಡಕ ಅಂದುಕೊಂಡಿದ್ದಾರೋ ಏನೋ.

ವಿರೋಧ (ಕೊಪ್ಪಳದಿಂದ)

ವಿರೋಧ ಬರೆಯೋರು ಯಾರೂ ಸಿಗಲಿಲ್ಲ, ಮೇಷ್ಟ್ರೇ ನೀವೇ ಬರೀರಿ ಅಂದರು. ಒಪ್ಪಿಕೊಂಡಿದ್ದೇನೆ.

ಮೊದಲ ಪ್ರಶ್ನೆ, ಕಲಿಸೋರು ಯಾರು? 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾಯಿತು. 2021ರ ಹೊತ್ತಿಗೆ ಅದರ ನಿಘಂಟು 10,000 ಪದ ಮುಟ್ಟಿತು. ಸಂತೋಷ. ಆದರೆ ನಿಘಂಟು ನೋಡಿ ಯಾರಾದರೂ ಮಾತು ಕಲಿತಿದ್ದಾರಾ? ವಾರಕ್ಕೊಂದು ಪೀರಿಯಡ್ ಇಟ್ಟರೆ, ಎರಡು ದಿನ ತರಬೇತಿಗೆ ಹೋಗಿ ಬಂದ ನಾನೇ ಕಲಿಸಬೇಕು. ನನ್ನ ಇಂಗ್ಲಿಷ್ ಪಾಠದ ಗತಿ ಮಕ್ಕಳನ್ನೇ ಕೇಳಿ. ಮೂರು ಭಾಷೆಯೇ ಜಾಸ್ತಿ ಆಗಿದೆ. ಆಡೋದಕ್ಕೆ ಜನ ಇಲ್ಲದ ಭಾಷೆ ಪರೀಕ್ಷೆ ಮುಗಿದ ಮರುದಿನ ಮರೆತುಹೋಗುತ್ತದೆ.

ಸನ್ನೆ ಕಲಿಸೋಕೆ ಹಾಕೋ ದುಡ್ಡನ್ನು ಕೂಸು ಹುಟ್ಟಿದ ಕೂಡಲೇ ಕಿವಿ ಪರೀಕ್ಷೆ ಮಾಡೋದಕ್ಕೆ ಹಾಕಿ. ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸೋ ಕೇಳುವ ಸಾಧನ, ತಲೆಯ ಹೊರಗೂ ಒಂದು ಯಂತ್ರ ಇರುತ್ತದೆ) ಬೇಗ ಹಾಕಿಸಿದಷ್ಟೂ ಮಾತು ಚೆನ್ನಾಗಿ ಬರುತ್ತದೆ. ತಡವಾದರೆ ಅಷ್ಟು ಫಲವಿಲ್ಲ.

ನನ್ನ ತರಗತಿಯಲ್ಲೇ ಇಂಪ್ಲಾಂಟ್ ಹಾಕಿಸಿದ ಹುಡುಗ ಒಬ್ಬನಿದ್ದ. ಚೆನ್ನಾಗಿ ಮಾತಾಡುತ್ತಿದ್ದ. ಗದ್ದಲ ಜಾಸ್ತಿಯಾದರೆ, ಬ್ಯಾಟರಿ ಮುಗಿದರೆ ಮಾತ್ರ ಕಷ್ಟ. ಗವಿಮಠದ ಜಾತ್ರೆಗೆ ಕರಕೊಂಡು ಹೋದಾಗ ತೇರು ಎಳೆಯೋ ಗದ್ದಲಕ್ಕೆ ತಲೆಯ ಮೇಲಿನ ಯಂತ್ರ ತೆಗೆದು ಜೇಬಿಗಿಟ್ಟುಕೊಂಡ. ಕೂಗಿದೆ, ಕೇಳಿಸಲಿಲ್ಲ. ಗೆಳೆಯರು ಅವನತ್ತ ಕೈ ಆಡಿಸಿದರು, ತಿರುಗಿ ಓಡಿ ಬಂದ. ಅವರವರೇ ಏನೇನೋ ಸನ್ನೆ ಮಾಡಿಕೊಂಡಿದ್ದರು, ನಾನು ಕಲಿಸಿದ್ದಲ್ಲ. ಹೆಡ್ ಮಾಸ್ಟರ್‌ಗೆ ಬೋಳುತಲೆ ಸವರೋದು. ನನಗೆ ಏನು ಸನ್ನೆ ಅಂತ ಕೇಳಿದೆ. ಮುಸಿಮುಸಿ ನಕ್ಕು, ಎಲ್ಲರೂ ಒಟ್ಟಿಗೆ ಕಿವಿ ಹಿಂಡಿಕೊಂಡರು.