ಡಿಸ್ಕ್ ಫುಲ್ಲು, ಟೂಲ್ ಮಾತ್ರ 'ಮುಗೀತು' ಅಂತಿದೆ

ನಿನ್ನೆ ಮಧ್ಯಾಹ್ನ ಪೂರ್ತಿ ಹಾಳಾಯ್ತು ಮಾರಾಯ್ರೇ, ಅದೂ ಒಂದೇ ಒಂದು ಪದದ ದೆಸೆಯಿಂದ. ಸರ್ವರ್ ಡಿಸ್ಕ್ 97% ತುಂಬಿ ಕೂತಿತ್ತು, ಹಳೇ ಲಾಗ್ ಅಳಿಸೋಕೆ ಆಫೀಸಲ್ಲೇ ಬರೆದಿರೋ ಪೈಥಾನ್ ಟೂಲ್ ಒಂದಿದೆ, ದಿನಾ ರಾತ್ರಿ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಓಡಿಸೋ ವ್ಯವಸ್ಥೆ) 30 ದಿನ ಹಳೇದನ್ನ ಅಳಿಸುತ್ತೆ, ನಾನು 7 ದಿನ ಅಂತ ಕೊಟ್ಟು ಕೈಯಲ್ಲೇ ಓಡಿಸ್ದೆ. 'ಕ್ಲೀನಪ್ ಮುಗೀತು' ಅಂತು. ಡಿಸ್ಕ್ ನೋಡಿದ್ರೆ ಅದೇ 97. ಮತ್ತೆ ಓಡಿಸ್ದೆ. ಮುಗೀತು. 97. ಪಾತ್ ತಪ್ಪಿರ್ಬೇಕು, ಪರ್ಮಿಷನ್ ಇರ್ಲಿಕ್ಕಿಲ್ಲ, ಯಾವ್ದೋ ಪ್ರೋಸೆಸ್ ಫೈಲ್ ಹಿಡ್ಕೊಂಡಿರ್ಬೇಕು ಅಂತ ಎಲ್ಲಾ ತಡಕಾಡಿ ತಲೆ ಮೊಸರುಗಡಿಗೆ ಆಯ್ತು.

ಮೂರು ಗಂಟೆ ಆದ್ಮೇಲೆ ಸುಮ್ನೆ ಎನ್ವ್ (ಎನ್ವಿರಾನ್ಮೆಂಟ್ ವೇರಿಯಬಲ್, ಅಂದ್ರೆ ಪ್ರೋಗ್ರಾಮ್‌ಗಳು ಓದೋ ಸೆಟ್ಟಿಂಗ್‌ಗಳನ್ನ ತೋರ್ಸೋ ಕಮಾಂಡ್) ಅಂತ ಹೊಡೆದು ನೋಡ್ತೀನಿ, ಡ್ರೈ_ರನ್=ಫಾಲ್ಸ್ ಅಂತ ಕೂತಿದ್ದಾನೆ ಮಹಾನುಭಾವ! ಡ್ರೈ ರನ್ ಅಂದ್ರೆ ನಿಜಕ್ಕೂ ಏನೂ ಅಳಿಸದೆ ಬರೀ ಅಳಿಸಿದ ನಾಟಕ. ಎಲ್ರೂ ಬಳಸೋ ಲಾಗಿನ್‌ನ ಬ್ಯಾಶ್‌ಆರ್‌ಸಿಯಲ್ಲಿ (ಟರ್ಮಿನಲ್ ತೆರೆದಾಗ ಓದೋ ಸೆಟ್ಟಿಂಗ್ ಫೈಲ್) ಯಾರೋ ಪುಣ್ಯಾತ್ಮ ಎಕ್ಸ್‌ಪೋರ್ಟ್ ಮಾಡಿಟ್ಟಿದ್ದಾನೆ. ಫಾಲ್ಸ್ ತಾನೇ, ಏನೀಗ ಅಂತೀರಾ? ಎನ್ವಿರಾನ್ಮೆಂಟ್ ವೇರಿಯಬಲ್ ಅಂದ್ರೆ ಬರೀ ಅಕ್ಷರ (ಸ್ಟ್ರಿಂಗ್), ಟೂಲ್ ಬರೆದವ್ರು ಅದನ್ನ ಹಾಗೇ ತಗೊಂಡು ಬೂಲ್‌ಗೆ (ಏನು ಕೊಟ್ರೂ ಟ್ರೂ ಇಲ್ಲಾ ಫಾಲ್ಸ್ ಮಾಡೋದು) ತುರುಕಿದ್ದಾರೆ, ಪೈಥಾನ್‌ಗೆ ಖಾಲಿ ಇಲ್ಲದ ಸ್ಟ್ರಿಂಗ್ ಎಲ್ಲಾ ಟ್ರೂನೇ. 0 ಅಂತ ಬರೆದಿದ್ರೂ ಇದೇ ಗತಿ. ಕ್ರಾನ್ ಬ್ಯಾಶ್‌ಆರ್‌ಸಿ ಓದಲ್ಲ, ಅದಕ್ಕೇ ಅದು ಬಚಾವ್. ಡ್ರೈ ರನ್ ಮಾಡ್ತಿದೀನಿ ಅಂತ ಒಂದು ಸಾಲಾದ್ರೂ ಪ್ರಿಂಟ್ ಮಾಡೋಕೆ ಏನ್ ರೋಗ ಇದಕ್ಕೆ?

ಸರಿ, ಕಮಾಂಡ್ ಲೈನಲ್ಲೇ ಆಫ್ ಮಾಡೋಣ ಅಂದ್ರೆ --ಡ್ರೈ-ರನ್ ಇದೆ, --ನೋ-ಡ್ರೈ-ರನ್ ಇಲ್ಲ. ಅಟ್ಟ ಹತ್ತಿಸಿ ಏಣಿ ತೆಗೆಯೋದು ಅಂದ್ರೆ ಇದೇ. ಕೊನೆಗೆ ಆ ವೇರಿಯಬಲ್ ತೆಗೆದುಹಾಕೋ ಎನ್ವ್ -ಯು ಹಾಕಿ ಓಡಿಸ್ದೆ. --ಹೆಲ್ಪ್‌ನಲ್ಲಿ ಡೀಫಾಲ್ಟ್ 'ಆಫ್' ಅಂತ ರಾಜಾರೋಷವಾಗಿ ಬರ್ಕೊಂಡಿದ್ದಾರೆ, ವೇರಿಯಬಲ್ ಸುದ್ದಿನೇ ಇಲ್ಲ. ಕೇಳಿದ್ರೆ 'ರೀಡ್‌ಮೀಲಿದೆಯಲ್ಲ' ಅಂತಾರೆ.

ಎನ್ವ್ ಡೀಫಾಲ್ಟೇ ಬೇಡ ಅಂತಿಲ್ಲ ನಾನು, ಪಿಜಿಹೋಸ್ಟ್ (ಡೇಟಾಬೇಸ್ ಸರ್ವರ್ ಹೆಸರು ಇಡೋ ವೇರಿಯಬಲ್) ಇಲ್ದೆ ಪ್ರತಿಸಲ ಪಿಎಸ್‌ಕ್ಯೂಎಲ್‌ಗೆ (ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಕಮಾಂಡ್) ಹೋಸ್ಟ್ ಟೈಪ್ ಮಾಡೋಕೆ ನಂಗೂ ಸೋಮಾರಿತನವೇ. ಆದ್ರೆ ಅಳಿಸ್ಬೇಕೋ ಬೇಡ್ವೋ ಅನ್ನೋದನ್ನ ಕಣ್ಣಿಗೆ ಕಾಣದ ಜಾಗದಲ್ಲಿ ಇಡ್ತಾರಾ? ಗ್ರೆಪ್‌ನಲ್ಲೂ (ಫೈಲ್‌ಗಳಲ್ಲಿ ಪದ ಹುಡುಕೋ ಕಮಾಂಡ್) ಗ್ರೆಪ್_ಆಪ್ಷನ್ಸ್ ಅಂತ ಒಂದು ವೇರಿಯಬಲ್ ಇತ್ತು, ಒಬ್ಬ ತನ್ನ ಟರ್ಮಿನಲ್ ಚಂದ ಕಾಣ್ಲಿ ಅಂತ ಕಲರ್=ಆಲ್ವೇಸ್ ಹಾಕ್ಕೊಂಡ್ರೆ ಇನ್ಯಾರೋ ಬರೆದ ಸ್ಕ್ರಿಪ್ಟ್ ಒಳಗೆಲ್ಲ ಬಣ್ಣದ ಕೋಡ್ ಸೇರಿ ಕೆಟ್ಟು ಕೂರೋದು, 2014ರಲ್ಲಿ ಬಿಟ್ಬಿಡಿ ಅಂದ್ರು, 2020ರ 3.6 ಆವೃತ್ತಿಯಲ್ಲಿ ಕಿತ್ತೇ ಹಾಕಿದ್ರು. ನಮ್ಮೋರಿಗೆ ಇದೆಲ್ಲ ಯಾರ್ ಹೇಳ್ಬೇಕು.

ಆ ಸಾಲು ಹಾಕಿದ್ದು ಯಾರು ಅಂತ ಟೀಮ್ ಗ್ರೂಪಲ್ಲಿ ಕೇಳಿದ್ದೀನಿ. ಎಲ್ರದ್ದೂ ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ.