ವರ್ಗಾವಣೆ ಪತ್ರ ತಂದವರಿಗೆ ಮಾತ್ರ ವಿಪತ್ತು

ವಿಪತ್ತು ಬಂದೆರಗಿದಾಗ ಮೊದಲು ಬಾಗಿಲು ಹಾಕುವುದು ಶಾಲೆ, ಎಲ್ಲರಿಗಿಂತ ಕೊನೆಗೆ ಬಾಗಿಲು ತೆರೆಯುವುದೂ ಶಾಲೆಯೇ. ಮಾರುಕಟ್ಟೆ ತೆರೆಯುತ್ತದೆ, ಕಚೇರಿಗಳು ತೆರೆಯುತ್ತವೆ; ಶಾಲೆ ಮಾತ್ರ ತೆರೆಯುವಂತಿಲ್ಲ, ಏಕೆಂದರೆ ಮನೆ ಕಳೆದುಕೊಂಡವರು ಅದರೊಳಗೆ ಮಲಗಿದ್ದಾರೆ. ಹಾಗೆ ಮಲಗಿದವರಲ್ಲಿ ಅನೇಕರು ಅದೇ ಶಾಲೆಯ ವಿದ್ಯಾರ್ಥಿಗಳಾದ್ದರಿಂದ, ಬೇರೆ ಯಾವ ಕಾಲದಲ್ಲಿಯೂ ಸಾಧ್ಯವಾಗದ ಸಾಧನೆಯೊಂದು ಈ ದಿನಗಳಲ್ಲಿ ತಾನಾಗಿ ಕೈಗೂಡುತ್ತದೆ: ಮಕ್ಕಳು ಹಗಲೂ ರಾತ್ರಿ ತರಗತಿಯಲ್ಲೇ ಇರುತ್ತಾರೆ. ಪಾಠವೊಂದು ನಡೆಯುವುದಿಲ್ಲ ಎಂಬ ಸಣ್ಣ ಕೊರತೆಯನ್ನು ಎತ್ತಿ ಆಡುವುದು ಕುಹಕಿಗಳ ಸ್ವಭಾವ.

ಜಗತ್ತು ಈ ವಿಷಯದಲ್ಲಿ ಸುಮ್ಮನೆ ಕುಳಿತಿದೆ ಎಂದು ಯಾರೂ ಆರೋಪಿಸುವಂತಿಲ್ಲ. ಅದು ಸಭೆಯಲ್ಲಿ ಕುಳಿತಿದೆ. ಶಿಕ್ಷಣ ಪ್ರತಿ ಮಗುವಿನ ಹಕ್ಕೆಂದು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಸಾರಿತು. ತುರ್ತು ಪರಿಸ್ಥಿತಿಯಲ್ಲಿಯೂ ಆ ಹಕ್ಕು ಇದೆಯೋ ಇಲ್ಲವೋ ಎಂಬ ಅನುಮಾನ ಯಾರಿಗಾದರೂ ಉಳಿದಿದ್ದೀತೆಂದು ವಿಶ್ವಸಂಸ್ಥೆಯ ಮಹಾಸಭೆ 2010ರಲ್ಲಿ ಪ್ರತ್ಯೇಕ ನಿರ್ಣಯವನ್ನೇ ಅಂಗೀಕರಿಸಿತು. ಸೈನ್ಯಗಳು ಶಾಲೆಗಳನ್ನು ಬಿಡಾರ ಮಾಡಿಕೊಳ್ಳದಂತೆ ತಡೆಯಲು 2015ರಲ್ಲಿ ಓಸ್ಲೋದಲ್ಲಿ ಸುರಕ್ಷಿತ ಶಾಲೆಗಳ ಘೋಷಣೆ ಹೊರಬಂದಿತು. ಅದಕ್ಕೆ ಕಾನೂನಿನ ಕಟ್ಟುಪಾಡು ಇಲ್ಲವಾದ್ದರಿಂದ ಒಪ್ಪಿಕೊಳ್ಳಲು ಯಾರಿಗೂ ವಿಶೇಷ ತೊಂದರೆಯಾಗಬೇಕಿಲ್ಲ. 2016ರಲ್ಲಿ ಇಸ್ತಾಂಬುಲ್‌ನಲ್ಲಿ, ತುರ್ತು ಸಂದರ್ಭಗಳ ಶಿಕ್ಷಣಕ್ಕೆಂದೇ ನೆರವಿನ ನಿಧಿಯೊಂದು ಹುಟ್ಟಿತು. 2020ರಲ್ಲಿ, ದಾಳಿಗಳಿಂದ ಶಿಕ್ಷಣವನ್ನು ರಕ್ಷಿಸುವ ಸಲುವಾಗಿ ಸೆಪ್ಟೆಂಬರ್ 9 ಎಂಬ ದಿನವೂ ನಿಗದಿಯಾಯಿತು. ವರ್ಷದ ಉಳಿದ ದಿನಗಳ ಬಗ್ಗೆ ದಾಳಿಕೋರರೊಡನೆ ಮಾತುಕತೆ ಬಾಕಿ ಇರಬಹುದು.

ಹಣದ ಮಾತಿಗೆ ಬಂದರೆ, ಮಾನವೀಯ ನೆರವಿನಲ್ಲಿ ಶಿಕ್ಷಣದ ಪಾಲು ಶೇ. 2ರ ಆಸುಪಾಸಿನಲ್ಲಿದ್ದುದನ್ನು ಕಂಡು ಮರುಗಿದ ವಿಶ್ವಸಂಸ್ಥೆ, ಅದನ್ನು ಕನಿಷ್ಠ ಶೇ. 4ಕ್ಕೆ ಏರಿಸಬೇಕೆಂದು 2012ರಲ್ಲಿ ಕರೆ ಕೊಟ್ಟಿತು. ಅನ್ನ, ನೀರು, ಸೂರು ಮೊದಲು, ಅಕ್ಷರ ಆಮೇಲೆ ಎಂಬ ವಾದ ಕೇಳಲು ಬಹಳ ನ್ಯಾಯವಾಗಿದೆ. ಆದರೆ ಈ 'ಆಮೇಲೆ' ಎಷ್ಟು ವರ್ಷಗಳದ್ದು ಎಂದು ನಿರಾಶ್ರಿತರ ಶಿಬಿರದಲ್ಲೇ ಹುಟ್ಟಿ, ಅಲ್ಲೇ ಮೀಸೆ ಮೂಡಿದವನನ್ನು ಕೇಳಬೇಕು.

ಇನ್ನು ಪ್ರವೇಶದ ಕಿಟಕಿ. ಮಗುವಿನ ಕೈ ಹಿಡಿದು ಬಂದ ತಾಯಿಯಿಂದ ಗುಮಾಸ್ತರು ಕೇಳುವುದು ಹೆಚ್ಚೇನಲ್ಲ: ಜನನ ಪ್ರಮಾಣಪತ್ರ, ವಿಳಾಸದ ಪುರಾವೆ, ಹಿಂದಿನ ಶಾಲೆಯ ವರ್ಗಾವಣೆ ಪತ್ರ, ಎಲ್ಲದರ ತಲಾ ಎರಡು ನಕಲು.

"ಮನೆ ಕೊಚ್ಚಿಕೊಂಡು ಹೋಯಿತು ಸ್ವಾಮಿ, ಶಾಲೆಯೂ ಹೋಯಿತು."

"ಶಾಲೆ ಹೋಗಿದೆ ಎಂದು ಅಲ್ಲಿನ ಮುಖ್ಯೋಪಾಧ್ಯಾಯರಿಂದ ಬರೆಸಿಕೊಂಡು ಬನ್ನಿ ಅಮ್ಮಾ. ಶಾಲೆಯ ಮೊಹರು ಇರಲಿ."

ದಾಖಲೆಗಳಿಲ್ಲವೆಂಬ ಕಾರಣಕ್ಕೆ ಮಗುವನ್ನು ಹೊರಗೆ ನಿಲ್ಲಿಸಬಾರದೆಂದು ತುರ್ತು ಸಂದರ್ಭಗಳ ಶಿಕ್ಷಣಕ್ಕೆ ರೂಪಿಸಿದ ಅಂತರರಾಷ್ಟ್ರೀಯ ಕನಿಷ್ಠ ಮಾನದಂಡಗಳು ಸ್ಪಷ್ಟವಾಗಿ ಹೇಳುತ್ತವೆ. ಅವು ಮೊದಲು ಪ್ರಕಟವಾದದ್ದು 2004ರಲ್ಲಿ. ಆ ಕೈಪಿಡಿ ಗುಮಾಸ್ತರ ಬೆನ್ನ ಹಿಂದಿನ ಕಪಾಟಿನಲ್ಲೇ ಇರಬಹುದು; ಕಪಾಟಿನ ಬೀಗದ ಕೈ ಇರುವವರು ಅದೇ ಕೈಪಿಡಿಯ ಕುರಿತ ತರಬೇತಿಗೆ ಹೋಗಿರುತ್ತಾರೆ.

ತಂತ್ರಜ್ಞಾನದ ಕೊಡುಗೆಯನ್ನು ಮರೆತರೆ ಕೃತಘ್ನತೆಯಾದೀತು. 2020ರಲ್ಲಿ ಕೊರೊನಾ ಬಂದು 190ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳ ಶಾಲೆ ಮುಚ್ಚಿದಾಗ, ಪಾಠವೆಲ್ಲ ಆನ್‌ಲೈನ್‌ಗೆ ಹೋಯಿತು. ಶಾಲಾ ವಯಸ್ಸಿನ ಮಕ್ಕಳಲ್ಲಿ ಮೂರನೇ ಎರಡರಷ್ಟು ಮಂದಿಯ ಮನೆಯಲ್ಲಿ ಇಂಟರ್‌ನೆಟ್ ಇಲ್ಲವೆಂದು ಯುನಿಸೆಫ್ ಅದೇ ವರ್ಷ ವರದಿ ಮಾಡಿತು. ವರದಿಯನ್ನು ಆಸಕ್ತರು ಇಂಟರ್‌ನೆಟ್‌ನಲ್ಲಿ ಓದಬಹುದು.

ಇಷ್ಟೆಲ್ಲದರ ನಡುವೆ ಗೇಲಿಗೆ ಸಿಗದ ಒಂದು ವಸ್ತುವಿದೆ, ಅದು ಯುನಿಸೆಫ್‌ನ 'ಪೆಟ್ಟಿಗೆಯೊಳಗಿನ ಶಾಲೆ'. ಒಬ್ಬ ಶಿಕ್ಷಕರಿಗೆ ಮತ್ತು 40 ಮಕ್ಕಳಿಗೆ ಸಾಕಾಗುವಷ್ಟು ನೋಟ್‌ಬುಕ್ಕು, ಪೆನ್ಸಿಲು, ರಬ್ಬರು, ಕತ್ತರಿ, ಗಂಟೆ ಹೇಳಿಕೊಡಲು ಮರದ ಗಡಿಯಾರ ಅದರಲ್ಲಿವೆ. ಮುಚ್ಚಳಕ್ಕೆ ಒಳಗಿರುವ ಬಣ್ಣ ಬಳಿದರೆ ಅದೇ ಕರಿಹಲಗೆ. ಯಾವುದೋ ಮರದ ನೆರಳಿನಲ್ಲಿ ಇದನ್ನು ತೆರೆದು ಕೂತರೆ ಅರ್ಧ ಗಂಟೆಯೊಳಗೆ ಶಾಲೆ ಆರಂಭವಾಗಿಬಿಡುತ್ತದೆ. ಇಷ್ಟು ಸುಲಭವಾಗಿ ಆಗುವ ಕೆಲಸವನ್ನು ವ್ಯವಸ್ಥೆ ಸಹಿಸುವುದಾದರೂ ಹೇಗೆ? ಮೊದಲು ಅಗತ್ಯಗಳ ಸಮೀಕ್ಷೆ, ಬಳಿಕ ಸಮನ್ವಯ ಸಭೆ, ಆಮೇಲೆ ಪೆಟ್ಟಿಗೆಯ ಜೊತೆ ಗಣ್ಯರ ಛಾಯಾಚಿತ್ರ. ಪಾಠ ಹೇಳುವ ಶಿಕ್ಷಕರೂ ಮನೆ ಕಳೆದುಕೊಂಡವರೇ, ಅವರಿಗೆ ಸಂಬಳ ಕೊಡುವವರು ಯಾರು ಎಂಬ ಪ್ರಶ್ನೆ ಕಾರ್ಯಸೂಚಿಯಲ್ಲಿ 'ಇತರ ವಿಷಯಗಳು' ಎಂಬ ಶೀರ್ಷಿಕೆಯಡಿ ಬರುವಷ್ಟರಲ್ಲಿ ಚಹಾದ ವೇಳೆಯಾಗಿರುತ್ತದೆ.

ಸಾಲಿನಲ್ಲಿ ನಲವತ್ತೊಂದನೆಯ ಮಗುವೊಂದು ನಿಂತಿದ್ದರೆ ಆತಂಕಪಡಬೇಕಾಗಿಲ್ಲ. ಯೋಜನೆಯ ಎರಡನೆಯ ಹಂತದಲ್ಲಿ ಅದಕ್ಕೆ ಅವಕಾಶ ಕಲ್ಪಿಸಲಾಗಿದೆ. ಎರಡನೆಯ ಹಂತದ ಅನುದಾನ ಮೊದಲ ಹಂತದ ಮೌಲ್ಯಮಾಪನ ವರದಿ ಸಲ್ಲಿಕೆಯಾದ ಮೇಲೆ ಬರುತ್ತದೆ. ಮೌಲ್ಯಮಾಪನ ತಂಡವು ಸದ್ಯ ಹೊಸ ವಿಪತ್ತೊಂದರ ಸಮೀಕ್ಷೆಗೆ ತೆರಳಿದೆ.