ಅಂಗಡಿ ತೆರೆದೇ ಇದೆ, ಮಾರಾಯ್ರೆ

ನಿನ್ನೆ ಮಧ್ಯಾಹ್ನದ ಸಿಟ್ಟು ಇನ್ನೂ ಇಳಿದಿಲ್ಲ. ರಾತ್ರಿ ನಿದ್ದೆಯೂ ಸರಿ ಬರಲಿಲ್ಲ. ಬರೆದರೆ ಸ್ವಲ್ಪ ಹಗುರಾಗಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ತೋಟದ ಮೋಟಾರು ಸುಟ್ಟಿತ್ತು. ಮೇ ತಿಂಗಳಲ್ಲಿ ನಮ್ಮ ಕಡೆ ಇದು ಮನೆಮನೆಯ ಕತೆ. ವೋಲ್ಟೇಜ್ ಏರಿಳಿದು ಕಾಯಿಲ್ ಹೋಗುತ್ತದೆ. ಜೀಪಿನ ಹಿಂದೆ ಹಾಕಿಕೊಂಡು ಶಿವಮೊಗ್ಗಕ್ಕೆ ಹೋದೆ. ಬಿ.ಎಚ್. ರಸ್ತೆಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ ವೈಂಡಿಂಗ್ ಅಂಗಡಿಯಿದೆ. 15 ವರ್ಷದ ಪರಿಚಯ. ಯಜಮಾನರಿಗೆ ಅರವತ್ತು ದಾಟಿದೆ. ಗಿಡ್ಡ ಸ್ಟೂಲಿನ ಮೇಲೆ ಕೂತು, ಕೈಯಲ್ಲೇ ತಿರುಗಿಸುವ ಮಿಷಿನ್ನಿಗೆ ತಾಮ್ರದ ತಂತಿ ಸುತ್ತುತ್ತಾ, ತುಟಿಯಲ್ಲೇ ಸುತ್ತು ಎಣಿಸುತ್ತಾರೆ. ನಡುವೆ ಮಾತಾಡಿಸಿದರೆ ಎಡಗೈಯ ಒಂದು ಬೆರಳು ಎತ್ತುತ್ತಾರೆ. ತಡೀರಿ ಅಂತ. ಎಣಿಕೆ ತಪ್ಪಿದರೆ ಮೋಟಾರು ಮತ್ತೆ ಸುಡುತ್ತದೆ, ಅದಕ್ಕೆ.

ನಿನ್ನೆಯೂ ಹಾಗೇ ಬೆರಳು ಎತ್ತಿದ್ದರು. ನಾನು ಬಾಗಿಲ ಬಳಿ ನಿಂತಿದ್ದೆ. ಆಗ ಒಬ್ಬ ಹುಡುಗ ಬಂದ. ರಿಪ್ಪನ್‌ಪೇಟೆ ಕಡೆಯವನಂತೆ. ಕೈಯಲ್ಲಿ ಫೋನು. ಬೋರ್ಡ್ ನೋಡುತ್ತಾನೆ, ಫೋನ್ ನೋಡುತ್ತಾನೆ, ಒಳಗೆ ಇಣುಕುತ್ತಾನೆ. ‘ಸರ್, ಇದು ಮುಚ್ಚಿ ಹೋಗಿದೆ ಅಲ್ವಾ?’ ಅಂದ. ಫೋನ್ ತೋರಿಸಿದ. ಮ್ಯಾಪಿನಲ್ಲಿ ಅಂಗಡಿಯ ಹೆಸರು ಇದೆ, ಕೆಳಗೆ ಕೆಂಪು ಅಕ್ಷರದಲ್ಲಿ ‘ಶಾಶ್ವತವಾಗಿ ಮುಚ್ಚಲಾಗಿದೆ’ ಅಂತ ಇದೆ. ಒಳಗೆ ಮಿಷಿನ್ ತಿರುಗುತ್ತಲೇ ಇತ್ತು. ವಾರ್ನಿಷಿನ ವಾಸನೆ ಓಣಿಗೆಲ್ಲ ಹರಡಿತ್ತು.

ಯಜಮಾನರು ಎಣಿಕೆ ಮುಗಿಸಿ ಎದ್ದು ಬಂದರು. ಕನ್ನಡಕ ಹಣೆಗೆ ಏರಿಸಿ ಆ ಫೋನನ್ನು ತುಂಬಾ ಹೊತ್ತು ನೋಡಿದರು. ‘ಎರಡು ತಿಂಗಳಿಂದ ಹೊಸ ಗಿರಾಕಿಯೇ ಇಲ್ಲ. ಜನ ರಿಪೇರಿ ಬಿಟ್ಟು ಹೊಸ ಮೋಟಾರೇ ತಗೊಳ್ತಿದ್ದಾರೆ ಅಂದ್ಕೊಂಡಿದ್ದೆ’ ಅಂದರು. ಆಮೇಲೆ ನನ್ನ ಕಡೆ ತಿರುಗಿ, ‘ನೀವೇ ಅಲ್ವಾ ಮಾರಾಯ್ರೆ ಇಂಥದ್ದೆಲ್ಲ ಮಾಡೋರು? ಇದೊಂದು ತೆಗೆಸಿ ಕೊಡಿ’ ಅಂದರು.

ನಾನೇ ಮಾಡುವವನು. ಹೌದು. ನಿಮಗೆಲ್ಲ ಗೊತ್ತೇ ಇದೆ, ಹನ್ನೊಂದು ವರ್ಷದಿಂದ ನಮ್ಮ ಜಿಲ್ಲೆಯ ಕೆಲಸದವರ, ಅಂಗಡಿಯವರ ಪಟ್ಟಿಯ ಸೈಟ್ ನಡೆಸುತ್ತಿದ್ದೇನೆ. ಯಾರ ಹತ್ತಿರವೂ ಹಣ ತಗೊಂಡು ಹೆಸರು ಮೇಲೆ ಹಾಕಿದವನಲ್ಲ. ಆದರೆ ಆ ಕೆಂಪು ಅಕ್ಷರ ನನ್ನ ಸೈಟಿನದಲ್ಲ. ಅದು ದೊಡ್ಡ ಕಂಪನಿಯ ಆ್ಯಪ್. ಯಾವುದು ಅಂತ ಬರೆಯುವುದಿಲ್ಲ.

ಅಲ್ಲೇ ಕೂತು ತಿದ್ದುಪಡಿ ಕಳಿಸಿದೆ. ಬೋರ್ಡಿನ ಫೋಟೋ, ಯಜಮಾನರು ಕೆಲಸ ಮಾಡುತ್ತಿರುವ ಫೋಟೋ, ಎಲ್ಲ ಹಾಕಿದೆ. ಸಂಜೆ ಹೊತ್ತಿಗೆ ಉತ್ತರ ಬಂತು: ಸೂಚನೆಯನ್ನು ಒಪ್ಪಲಾಗಲಿಲ್ಲ. ಯಾಕೆ ಅಂತ ಇಲ್ಲ. ಯಾರು ನೋಡಿದರು ಅಂತ ಇಲ್ಲ. ಕೇಳೋಣ ಅಂದರೆ ಫೋನ್ ನಂಬರ್ ಇಲ್ಲ. ಊರಿನವರೆಲ್ಲರ ನಂಬರ್ ಇಟ್ಟುಕೊಂಡ ಕಂಪನಿ ತನ್ನದೊಂದು ನಂಬರ್ ಕೊಡುವುದಿಲ್ಲ. ಯಾರೋ ಎಲ್ಲೋ ಕೂತು ‘ಮುಚ್ಚಿದೆ’ ಅಂತ ಒತ್ತಿರಬೇಕು. ಅದನ್ನು ನಂಬಿದರು. ಅಂಗಡಿಯಲ್ಲಿ ಕೂತ ಮನುಷ್ಯ ‘ನಾನಿದ್ದೇನೆ’ ಅಂದರೆ ನಂಬಲಿಲ್ಲ. ಒಂದು ಸಲ ಫೋನ್ ಮಾಡಿ ‘ಅಂಗಡಿ ಇದೆಯಾ?’ ಅಂತ ಕೇಳಬಹುದಿತ್ತಲ್ಲ? ನನಗೆ ಇರುವುದು ಅದೊಂದೇ ಪ್ರಶ್ನೆ.

ಪಟ್ಟಿ ಮಾಡುವುದು ಸಣ್ಣ ಕೆಲಸ ಅಂತ ಯಾರೂ ತಿಳಿಯಬೇಡಿ. ಅಂತರ್ಜಾಲದಲ್ಲಿ ಜನ ದಾರಿ ಹುಡುಕಿದ್ದೇ ಪಟ್ಟಿ ಹಿಡಿದು. ಯಾಹೂ 1994ರಲ್ಲಿ ಶುರುವಾಗಿದ್ದು ಜೆರ್ರಿ ಯಾಂಗ್, ಡೇವಿಡ್ ಫಿಲೋ ಅನ್ನುವ ಇಬ್ಬರು ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ತಮಗೆ ಬೇಕಾದ ಸೈಟುಗಳನ್ನು ಬರೆದಿಟ್ಟುಕೊಂಡ ಪಟ್ಟಿಯಿಂದ. 1995ರಲ್ಲಿ ಶ್ರೀನಿಜಾ ಶ್ರೀನಿವಾಸನ್ ಅನ್ನುವ ಹೆಣ್ಣುಮಗಳು ಅಲ್ಲಿ ಐದನೇ ಕೆಲಸಗಾರ್ತಿಯಾಗಿ ಸೇರಿದರು. ಯಾವ ಸೈಟ್ ಯಾವ ವಿಭಾಗಕ್ಕೆ ಸೇರಬೇಕು ಅಂತ ಜೋಡಿಸುವ ಕೆಲಸ ಅವರ ಕೈಯಲ್ಲಿತ್ತು. ಮನುಷ್ಯರು ಕೂತು, ಸೈಟ್ ತೆರೆದು ಓದಿ, ಇದು ಇಲ್ಲಿಗೆ, ಅದು ಅಲ್ಲಿಗೆ ಅಂತ ಇಡುತ್ತಿದ್ದರು.

1998ರಲ್ಲಿ ಡಿಮೋಜ್ ಬಂತು, ಅದೂ ಸೈಟುಗಳ ಪಟ್ಟಿಯೇ. ಅದನ್ನು ನಡೆಸಿದ್ದು ಸಂಬಳವಿಲ್ಲದ ಸ್ವಯಂಸೇವಕರು. ಕೊನೆಗೆ ಲೆಕ್ಕ ಹಾಕಿದಾಗ 90 ಸಾವಿರಕ್ಕೂ ಜಾಸ್ತಿ ಜನ ಅದರಲ್ಲಿ ಕೈಯಾಡಿಸಿದ್ದರು. ನಾನಾಗ ಕಾಲೇಜು ಹುಡುಗ. ದುರ್ಗಿಗುಡಿಯ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆ ಪಟ್ಟಿಯಲ್ಲಿ ಅಲೆಯುತ್ತಿದ್ದೆ. ಒಂದು ವಿಭಾಗದೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ನಮ್ಮ ಹಳೇ ಮನೆಯ ಕೋಣೆಗಳ ಹಾಗೆ. ಅಲ್ಲಿ ಕಲಿತದ್ದನ್ನೇ ಇವತ್ತಿಗೂ ಮಾಡುತ್ತಿದ್ದೇನೆ.

ಎರಡೂ ಹೋದವು. ಯಾಹೂ ತನ್ನನ್ನು ಹುಟ್ಟಿಸಿದ ಪಟ್ಟಿಯನ್ನೇ 2014ರ ಕೊನೆಗೆ ಮುಚ್ಚಿತು. ಡಿಮೋಜನ್ನು ಅದರ ಒಡೆತನ ಇದ್ದ ಎಒಎಲ್ 2017ರ ಮಾರ್ಚಿನಲ್ಲಿ ಮುಚ್ಚಿತು. ಗೂಗಲ್ ಬಂದಮೇಲೆ ಪಟ್ಟಿ ಯಾರಿಗೆ ಬೇಕು ಅಂದರು. ಲೋಕದ ಎಲ್ಲ ಪುಟಗಳನ್ನು ಮನುಷ್ಯರು ಓದಿ ಜೋಡಿಸಲು ಆಗುವುದಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಒಂದು ಊರಿನ ವೈಂಡಿಂಗ್ ಅಂಗಡಿಗಳನ್ನು ಓದಲು ಆಗುತ್ತದೆ. ಒಬ್ಬ ಮನುಷ್ಯ, ಒಂದು ಬೈಕು, ಎರಡು ದಿನ ಸಾಕು.

ಇನ್ನೊಂದು ನೋವು ಇದೆ. 2008ರಲ್ಲಿ ಗೂಗಲ್ ‘ಮ್ಯಾಪ್ ಮೇಕರ್’ ಅಂತ ತಂದಿತ್ತು. ಜನ ತಮ್ಮ ಊರಿನ ರಸ್ತೆಗಳನ್ನು ತಾವೇ ಗೆರೆ ಎಳೆದು ಸೇರಿಸಬಹುದಿತ್ತು. ನಾನೂ ಕೂತು ಎಳೆದಿದ್ದೇನೆ. ಮಂಡಗದ್ದೆಯ ಆಚೆ ನಮ್ಮ ಮಣ್ಣಿನ ರಸ್ತೆ, ಸಂಕ, ಶಾಲೆ, ಭೂತನ ಕಟ್ಟೆ. ಆ ದಿನಗಳಲ್ಲಿ ತುಂಬಾ ಖುಷಿಪಟ್ಟಿದ್ದೆ. 2017ರಲ್ಲಿ ಅದನ್ನು ನಿಲ್ಲಿಸಿದರು. ಸಣ್ಣ ಅಂಗಡಿಯವರಿಗೆ ಪುಕ್ಕಟೆ ವೆಬ್‌ಸೈಟ್ ಮಾಡಿಕೊಡುತ್ತಿದ್ದರು, ಅದನ್ನೂ 2024ರ ಮಾರ್ಚಿನಲ್ಲಿ ನಿಲ್ಲಿಸಿದರು. ಅವರ ಲೆಕ್ಕಕ್ಕೆ ಅದು ಒಂದು ಸೇವೆ, ಬೇಕಾದಾಗ ಶುರು, ಬೇಡವಾದಾಗ ಬಂದ್. ಅದೇ ವಿಳಾಸವನ್ನು ಬೋರ್ಡಿನ ಮೇಲೆ ಬರೆಸಿಕೊಂಡವರು ಮತ್ತೆ ಪೇಂಟರನ್ನು ಕರೆಯಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ, 2004ರಲ್ಲಿ ಸ್ಟೀವ್ ಕೋಸ್ಟ್ ಶುರು ಮಾಡಿದ್ದು. ಅಲ್ಲಿ ನೀವು ಸೇರಿಸಿದ ರಸ್ತೆ ಎಲ್ಲರದ್ದೂ ಆಗಿ ಉಳಿಯುತ್ತದೆ, ಯಾರು ಬೇಕಾದರೂ ಬಳಸಬಹುದು. ನಾನೀಗ ಗೆರೆ ಎಳೆಯುವುದಿದ್ದರೆ ಅಲ್ಲೇ.

ಅವರ ಪಟ್ಟಿಯಲ್ಲಿ ನಮ್ಮ ಕೆಲಸಗಳಿಗೆ ಜಾಗವೇ ಇಲ್ಲ, ಅದು ಬೇರೆ. ಬ್ಯೂಟಿ ಪಾರ್ಲರ್ ಇದೆ, ಜಿಮ್ ಇದೆ. ಕೊನೆಗಾರ? ಔಷಧಿ ಹೊಡೆಯುವವರು? ಮಳೆ ತಾಗದ ಹಾಗೆ ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವವರು? ಬಾವಿ ಹೂಳು ತೆಗೆಯುವವರು, ಹಂಚು ಕೈಯಾಡಿಸುವವರು? ನನ್ನ ಸೈಟಿನಲ್ಲಿ ಜನ ಜಾಸ್ತಿ ಹುಡುಕುವುದು ಇವರನ್ನೇ. ಅಡಿಕೆ ಮರ ಹತ್ತಿ ಕೊನೆ ಇಳಿಸುವವರನ್ನು ನಾವು ಕೊನೆಗಾರ ಅಂತೀವಿ, ಸಾಗರದ ಕಡೆ ಕೊನೆಗೌಡ ಅಂತಾರೆ. ಎರಡು ಹೆಸರಿನಲ್ಲಿ ಹುಡುಕಿದರೂ ಒಬ್ಬನೇ ಸಿಗಬೇಕು. ಊರಿನ ಹೆಸರೂ ಅಷ್ಟೇ. 2014ರ ನವೆಂಬರ್ 1ಕ್ಕೆ ಇಂಗ್ಲಿಷಿನ ‘ಶಿಮೊಗಾ’ ಹೋಗಿ ‘ಶಿವಮೊಗ್ಗ’ ಬಂತು. ಇವತ್ತಿಗೂ ಜನ ಎರಡನ್ನೂ ಒತ್ತುತ್ತಾರೆ. ತೀರ್ಥಹಳ್ಳಿಯನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಇದನ್ನೆಲ್ಲ ಒಂದೊಂದಾಗಿ ಕೈಯಲ್ಲೇ ಜೋಡಿಸಿದ್ದೇನೆ. ಇಲ್ಲಿ ಬದುಕಿದವರಿಗೆ ಮಾತ್ರ ಗೊತ್ತಾಗುವ ಕೆಲಸ ಇದು.

ನಂಬರ್ ಒಂದು ತಪ್ಪಾದರೆ ಏನು ಮಹಾ ಅಂತ ಕೇಳುವವರು ಇದ್ದಾರೆ. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಬೇಕು. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಆಮೇಲೆ 40–45 ದಿನಕ್ಕೆ ಮತ್ತೊಂದು ಸಲ. ಹೊಡೆಯುವವನು ಸಿಗದೆ ವಾರ ಕಳೆದು, ಜಡಿಮಳೆ ಕೂತುಬಿಟ್ಟರೆ ಕೊಳೆ ರೋಗ ಬರುತ್ತದೆ. ಎಳೆಕಾಯಿ ಮರದ ಬುಡದಲ್ಲಿ ಉದುರಿ ಬಿದ್ದಿರುವುದನ್ನು ನೋಡಿದವರಿಗೆ ಒಂದು ಸರಿಯಾದ ನಂಬರಿನ ಬೆಲೆ ಗೊತ್ತು.

ಇಲ್ಲಿ ನನ್ನದೂ ಒಂದು ಹೇಳಬೇಕು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ನಾಲ್ಕು ವರ್ಷದ ಹಿಂದೆ, ಕೊಯ್ಲಿನ ಸಮಯ. ನನ್ನ ಪಟ್ಟಿಯಲ್ಲಿದ್ದ ಒಬ್ಬ ಕೊನೆಗಾರರ ನಂಬರಿಗೆ ಯಾವುದೋ ಕೆಲಸಕ್ಕೆ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು. ‘ಅವರು ಹೋಗಿ ಮೂರು ತಿಂಗಳಾಯ್ತು. ದಿನಾ ಫೋನ್ ಬರ್ತದೆ. ಎಲ್ಲರಿಗೂ ಹೇಳಿ ಹೇಳಿ ಸಾಕಾಗಿದೆ. ಎಲ್ಲಿ ಹಾಕಿದ್ದಾರೋ ನಂಬರು, ತೆಗೆದುಬಿಡಿ ಅಂತ ಯಾರಿಗೆ ಹೇಳೋದು ಗೊತ್ತಿಲ್ಲ’ ಅಂದರು. ಹಾಕಿದ್ದವನು ನಾನು. ಮೂರು ತಿಂಗಳು ಆ ಮನೆಗೆ ದಿನಾ ಫೋನ್ ಹೋಗುವ ಹಾಗೆ ಮಾಡಿದವನು ನಾನು. ಅವತ್ತು ಅಲ್ಲೇ ನಂಬರ್ ತೆಗೆದೆ. ಮಾರನೇ ದಿನ ಅವರ ಮನೆಗೆ ಹೋಗಿ ತಪ್ಪಾಯ್ತು ಅಂದೆ. ಅವರು ಕಾಫಿ ಮಾಡಿ ಕೊಟ್ಟರು. ಅದನ್ನು ಕುಡಿಯುವುದು ಕಷ್ಟ ಆಯಿತು.

ಅವತ್ತಿನಿಂದ ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಪಟ್ಟಿಯಲ್ಲಿ ಇರುವ ಎಲ್ಲರಿಗೂ ಫೋನ್ ಮಾಡುತ್ತೇನೆ. ಸಾವಿರಕ್ಕೂ ಸ್ವಲ್ಪ ಜಾಸ್ತಿ ಹೆಸರುಗಳಿವೆ. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಆಗುತ್ತದೆ. ಹೆಂಡತಿಯೂ ಸೇರುತ್ತಾಳೆ. ಹೊಳೆಯಾಚೆ ಸಿಗ್ನಲ್ ಇರುವುದಿಲ್ಲ, ಅಂಥ ಕಡೆ ಹೋಗಿಯೇ ಕೇಳಬೇಕು. ಪ್ರತಿ ಹೆಸರಿನ ಕೆಳಗೆ ‘ವಿಚಾರಿಸಿದ ದಿನ’ ಅಂತ ತಾರೀಕು ಹಾಕುತ್ತೇನೆ. ಎತ್ತದಿದ್ದರೆ ‘ಸಿಕ್ಕಿಲ್ಲ’ ಅಂತ ಬರೆಯುತ್ತೇನೆ. ಮುಚ್ಚಿದೆ ಅಂತ ಮಾತ್ರ, ಅವರ ಬಾಯಿಂದ ಕೇಳದೆ ಬರೆಯುವುದಿಲ್ಲ.

ತಮ್ಮನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ನಿನ್ನೆ ರಾತ್ರಿ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ‘ದೊಡ್ಡಪ್ಪ, ಅವರದ್ದು ಕೋಟಿಗಟ್ಟಲೆ ಅಂಗಡಿ. ಒಬ್ಬೊಬ್ಬರಿಗೂ ಫೋನ್ ಮಾಡೋಕಾಗುತ್ತಾ? ಅದೂ ಪುಕ್ಕಟೆ ಕೊಡ್ತಿರೋದು’ ಅಂದ. ಅವನ ಮಾತು ಪೂರ್ತಿ ಸುಳ್ಳಲ್ಲ. ಗೊತ್ತಿಲ್ಲದ ಊರಿಗೆ ಹೋದಾಗ ನಾನೂ ಮ್ಯಾಪ್ ಹಿಡಿದೇ ಓಡಾಡುತ್ತೇನೆ. ಆದರೆ ಪುಕ್ಕಟೆ ಅನ್ನುವುದನ್ನು ಒಪ್ಪುವುದಿಲ್ಲ. ಜಾಹೀರಾತಿನ ದುಡ್ಡು ಬರುವುದು ಆ ಅಂಗಡಿಗಳ ಹೆಸರು ಹುಡುಕುವ ಜನರಿಂದಲೇ ತಾನೇ? ಯಾರು ಮೇಲೆ, ಯಾರು ಕೆಳಗೆ ಅನ್ನುವುದು ಎಷ್ಟು ದೊಡ್ಡ ವ್ಯಾಪಾರ ಅಂದರೆ, ಹುಡುಕಾಟದಲ್ಲಿ ಪಕ್ಷಪಾತ ಮಾಡಿದ್ದಕ್ಕೆ ನಮ್ಮ ದೇಶದ ಸ್ಪರ್ಧಾ ಆಯೋಗ 2018ರ ಫೆಬ್ರವರಿಯಲ್ಲಿ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ಹಾಕಿತ್ತು. ಪುಕ್ಕಟೆ ಸೇವೆಯಲ್ಲಿ ಇಷ್ಟೆಲ್ಲ ಜಗಳ ಯಾಕೆ ಬರುತ್ತದೆ?

ಇನ್ನು ಕೋಟಿಗಟ್ಟಲೆ ಅನ್ನುವ ಮಾತು. ಕೇಳಲು ಆಗದಿದ್ದರೆ ಬರೆಯಬೇಡಿ. ಅಷ್ಟೇ. ‘ಶಾಶ್ವತವಾಗಿ’ ಅನ್ನುವ ಪದ ಇದೆಯಲ್ಲ, ಅದನ್ನು ಒಬ್ಬರ ಅನ್ನದ ಮೇಲೆ ಬರೆಯುವ ಮುಂಚೆ ಒಂದು ಸಲ ಫೋನ್ ಮಾಡಬೇಕು. ಅಂಗಡಿಯ ನಂಬರ್ ಅವರ ಹತ್ತಿರವೇ ಇತ್ತು. ಅದೇ ಪುಟದಲ್ಲಿ, ಕೆಂಪು ಅಕ್ಷರದಿಂದ ಎರಡು ಸಾಲು ಕೆಳಗೆ ಇತ್ತು. ನಾನು ಅಲ್ಲೇ ನಿಂತು ಒತ್ತಿ ನೋಡಿದೆ. ಯಜಮಾನರ ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

ಇವತ್ತು ಬೆಳಿಗ್ಗೆ ಮತ್ತೆ ತಿದ್ದುಪಡಿ ಕಳಿಸಿದ್ದೇನೆ. ಒಬ್ಬನೇ ಕಳಿಸಿದರೆ ಕೇಳುವುದಿಲ್ಲ ಅನ್ನಿಸುತ್ತದೆ. ಶಿವಮೊಗ್ಗದಲ್ಲಿ ಇರುವವರು, ಆ ಅಂಗಡಿ ಗೊತ್ತಿರುವವರು ತುಂಬಾ ಜನ ಈ ಬರಹ ಓದುತ್ತಿದ್ದೀರಿ. ನಿಮ್ಮ ಮೋಟಾರುಗಳೂ ಅಲ್ಲಿಗೆ ಹೋಗಿವೆ. ದಯವಿಟ್ಟು ಆ ಕಡೆ ಹೋದಾಗ ಬಾಗಿಲಲ್ಲಿ ನಿಂತು ಒಂದು ಫೋಟೋ ತೆಗೆದು ‘ತೆರೆದಿದೆ’ ಅಂತ ಕಳಿಸಿ. ಅವರು ಸುತ್ತು ಎಣಿಸುತ್ತಿದ್ದರೆ ಮಾತ್ರ ಸ್ವಲ್ಪ ಕಾಯಿರಿ.

ನನ್ನ ಪಟ್ಟಿಯಲ್ಲಿ ಈ ವರ್ಷ ಹೊಸನಗರದ ಕಡೆಯ ಐವತ್ತು ನಂಬರ್ ವಿಚಾರಿಸುವುದು ಬಾಕಿ ಇದೆ. ಔಷಧಿ ಹೊಡೆಯುವವರದ್ದೇ ಜಾಸ್ತಿ. ಯಾರದ್ದಾದರೂ ನಂಬರ್ ಬದಲಾಗಿದ್ದರೆ, ಯಾರಾದರೂ ಮರ ಹತ್ತುವುದು ಬಿಟ್ಟಿದ್ದರೆ, ನನಗೆ ಮೆಸೇಜ್ ಮಾಡಿ. ರಾತ್ರಿ ಹತ್ತರ ತನಕ ಫೋನ್ ಮಾಡಿದರೂ ಎತ್ತುತ್ತೇನೆ.